ಜನಗಣತಿಯ ಕನ್ನಡಿಯಲ್ಲಿ ನಮ್ಮ ಸಮಾಜ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಪುಣ್ಯಸಂದರ್ಭದಲ್ಲಿ ತತ್ತ್ವವಿಚಾರವನ್ನೋ ಪುರಾಣಕಥನವನ್ನೋ ಕೇಳುವುದು ರೂಢಿ. ಅದಕ್ಕೆ ಅಧಿಕಾರಿಗಳಾದ ವಿದ್ವಾಂಸರು ಈ ವೇದಿಕೆಯಲ್ಲಿಯೇ ಇದ್ದಾರೆ. ನಾನು ಹೈಸ್ಕೂಲಿನಲ್ಲಿ ಭೂಗೋಳವನ್ನು ಬೋಧಿಸಿ ನಿವೃತ್ತನಾದ ಉಪಾಧ್ಯಾಯ. ಆದುದರಿಂದ ನನಗೆ ಅಲ್ಪಸ್ವಲ್ಪ ತಿಳಿದಿರುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಮನುಷ್ಯರು ಎಲ್ಲಿ ನೆಲಸುತ್ತಾರೆ, ಅವರ ಸಂಖ್ಯೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಏಕೆ ಊರು ಬಿಟ್ಟು ಹೋಗುತ್ತಾರೆ ಎಂಬುದೇ ಆ ವಿಷಯ. ಇದಕ್ಕೂ ಬಸದಿಗೂ ಏನು ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಇಂದು ನಾವು ಬಿಂಬವನ್ನು ಪ್ರತಿಷ್ಠಾಪಿಸಿದ್ದೇವೆ. ನಾಳೆಯಿಂದ ನಿತ್ಯವೂ ಅದಕ್ಕೆ ಅಭಿಷೇಕ ನಡೆಯಬೇಕು. ಅಭಿಷೇಕ ಮಾಡುವವರು, ನೋಡಿ ಕೈಮುಗಿಯುವವರು ಊರಿನಲ್ಲಿ ಇರಬೇಕು. ಶಿಲೆ ಸಾವಿರ ವರ್ಷ ಬಾಳುತ್ತದೆ. ಅದರ ಮುಂದೆ ದೀಪ ಹಚ್ಚುವ ಮನೆ ಎಷ್ಟು ಕಾಲ ಬಾಳುತ್ತದೆ ಎಂಬುದು ಜನಸಂಖ್ಯೆಯ ಪ್ರಶ್ನೆ.

ವಲಸೆಯಿಂದ ಆರಂಭವಾದ ಇತಿಹಾಸ

ಕರ್ನಾಟಕದ ಜೈನ ಇತಿಹಾಸವು ಒಂದು ವಲಸೆಯಿಂದಲೇ ಆರಂಭವಾಗುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಅಷ್ಟಾಂಗ ನಿಮಿತ್ತಗಳನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಮುಂದಾಗಿ ಅರಿತು ತಿಳಿಸಿದರೆಂದೂ, ಆಗ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ಹೇಳುತ್ತದೆ. ಚಂದ್ರಗುಪ್ತ ಮೌರ್ಯನೂ ಗುರುಗಳೊಡನೆ ಬಂದನೆಂಬುದು ನಮ್ಮ ಪರಂಪರೆ. ಆ ಭದ್ರಬಾಹುಗಳು ಯಾರು, ಕಾಲ ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ಭೂಗೋಳದ ಉಪಾಧ್ಯಾಯನಾದ ನನ್ನ ಗಮನವನ್ನು ಸೆಳೆದುದು ಶಾಸನದ ಮುಂದಿನ ಮಾತು. ಸಂಘವು ಬಂದು ತಲಪಿದ ನಾಡನ್ನು ಅದು ಬಣ್ಣಿಸುತ್ತದೆ: ನೂರಾರು ಗ್ರಾಮಗಳು, ಸಂತುಷ್ಟರಾದ ಜನರು, ಧನ, ಕನಕ, ಸಸ್ಯ, ಗೋವುಗಳು, ಎಮ್ಮೆಗಳು, ಆಡು ಕುರಿಗಳು ತುಂಬಿದ ಜನಪದವದು ಎಂದು.

ಇಂದು ಜನಸಂಖ್ಯಾಶಾಸ್ತ್ರದ ಗ್ರಂಥಗಳು ವಲಸೆಗೆ ಎರಡು ಬಗೆಯ ಕಾರಣಗಳನ್ನು ಹೇಳುತ್ತವೆ. ಇರುವ ಊರಿನಿಂದ ಹೊರಕ್ಕೆ ತಳ್ಳುವ ಕಾರಣಗಳು ಒಂದು ಬಗೆ, ಬೇರೆಯ ಊರಿನತ್ತ ಸೆಳೆಯುವ ಕಾರಣಗಳು ಇನ್ನೊಂದು ಬಗೆ. ಬರ, ರೋಗ, ಯುದ್ಧ, ಸಾಲ ಇವು ತಳ್ಳುತ್ತವೆ. ನೀರು, ಅನ್ನ, ಉದ್ಯೋಗ, ನಿರ್ಭಯ ಇವು ಸೆಳೆಯುತ್ತವೆ. ಹದಿನಾಲ್ಕು ಶತಮಾನಗಳ ಹಿಂದಿನ ಆ ಶಾಸನದಲ್ಲಿ ಈ ಎರಡೂ ಇವೆ. ಹನ್ನೆರಡು ವರ್ಷಗಳ ಕ್ಷಾಮವು ತಳ್ಳಿತು. ಸಸ್ಯಸಮೃದ್ಧವಾದ ಜನಪದವು ಸೆಳೆಯಿತು. ಆದ್ದರಿಂದ ಊರು ಬಿಟ್ಟು ಹೋದ ನಮ್ಮ ಮಕ್ಕಳನ್ನು ದೂರುವ ಮೊದಲು, ಈ ನೆಲಕ್ಕೆ ನಮ್ಮ ಧರ್ಮ ಬಂದುದೇ ವಲಸೆಯ ದಾರಿಯಲ್ಲಿ ಎಂಬುದನ್ನು ನೆನೆಯಬೇಕು.

ಅನಂತರವೂ ಈ ಚಲನೆ ನಿಲ್ಲಲಿಲ್ಲ. ಕರಾವಳಿಯ ವ್ಯಾಪಾರ ಮತ್ತು ಭತ್ತದ ಬೇಸಾಯ ಬೆಳೆದಂತೆ ತುಳುನಾಡಿನಲ್ಲಿ ಜೈನ ಅರಸುಮನೆತನಗಳೂ ಶ್ರೇಷ್ಠಿಗಳೂ ಪ್ರಬಲರಾದರು. ಮೂಡುಬಿದಿರೆಯ ಸಾವಿರಕಂಬದ ಬಸದಿ, 1432ರ ಕಾರ್ಕಳದ ಬಾಹುಬಲಿ, 1604ರ ವೇಣೂರಿನ ಬಾಹುಬಲಿ ಅಂದಿನ ಜನಬಲಕ್ಕೂ ಧನಬಲಕ್ಕೂ ಸಾಕ್ಷಿ. ಕರ್ನಾಟಕದಿಂದ ಘಟ್ಟದ ದಾರಿ ಹಿಡಿದು ವಯನಾಡಿಗೆ ಹೋದವರು ಅಲ್ಲಿ ಬಸದಿಗಳನ್ನು ಕಟ್ಟಿದರು. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ ಇಂದಿಗೂ ನಿಂತಿದೆ. ಆದರೆ 2011ರ ಗಣತಿಯಲ್ಲಿ ಕೇರಳ ರಾಜ್ಯದ ಒಟ್ಟು ಜೈನರು ನಾಲ್ಕೂವರೆ ಸಾವಿರದಷ್ಟು ಮಾತ್ರ.

ಕೆರೆಯ ಲೆಕ್ಕ

ಜನಸಂಖ್ಯೆ ಏರಿಳಿಯುವ ರೀತಿಯನ್ನು ನಾನು ಮಕ್ಕಳಿಗೆ ಕೆರೆಯ ಉದಾಹರಣೆಯಿಂದ ಹೇಳುತ್ತಿದ್ದೆ. ಕೆರೆಗೆ ಕಾಲುವೆಯಿಂದ ನೀರು ಬರುತ್ತದೆ, ತೂಬಿನಿಂದ ಹೋಗುತ್ತದೆ, ತುಂಬಿದರೆ ಕೋಡಿ ಹರಿಯುತ್ತದೆ. ಜನನವು ಕಾಲುವೆ, ಮರಣವು ತೂಬು, ವಲಸೆಯು ಕೋಡಿ. ಒಂದು ಊರಿನ ಕೋಡಿಯ ನೀರು ಮುಂದಿನ ಊರಿನ ಕೆರೆಗೆ ಕಾಲುವೆಯಾಗುತ್ತದೆ. ಯಾವ ಸಮಾಜದ ಲೆಕ್ಕವಾದರೂ ಈ ಮೂರರಲ್ಲಿ ಮುಗಿಯುತ್ತದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತೀಯನ ಸರಾಸರಿ ಆಯುಸ್ಸು 32 ವರ್ಷಗಳ ಆಸುಪಾಸಿನಲ್ಲಿತ್ತು. ಒಬ್ಬ ತಾಯಿಗೆ ಸರಾಸರಿ ಆರರಷ್ಟು ಮಕ್ಕಳು. ಸಿಡುಬು, ಮಲೇರಿಯಾ, ಕಾಲರಾಗಳು ಹತೋಟಿಗೆ ಬಂದಾಗ ತೂಬು ಕಿರಿದಾಯಿತು. ಕಾಲುವೆ ಮೊದಲಿನಂತೆಯೇ ಹರಿಯುತ್ತಿತ್ತು. ಕೆರೆ ತುಂಬಿತು. 1951ರಲ್ಲಿ 36 ಕೋಟಿಯಿದ್ದ ನಾವು 2011ರಲ್ಲಿ 121 ಕೋಟಿಯಾದೆವು. 2022ರ ನವೆಂಬರಿನಲ್ಲಿ ಪ್ರಪಂಚದ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತೆಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. 2023ರಲ್ಲಿ ಭಾರತವು ಚೀನಾವನ್ನು ಹಿಂದಿಕ್ಕಿತು. ಈ ನಡುವೆ ಕಾಲುವೆಯೂ ಕಿರಿದಾಗುತ್ತ ಬಂದಿತು. ತಂದೆತಾಯಿಯರ ಸ್ಥಾನವನ್ನು ಮಕ್ಕಳು ತುಂಬಲು ಒಬ್ಬ ಸ್ತ್ರೀಗೆ ಸರಾಸರಿ 2.1 ಮಕ್ಕಳಿರಬೇಕೆಂಬುದು ಶಾಸ್ತ್ರದ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ಭಾರತದ ಸಂಖ್ಯೆ 2.0, ಕರ್ನಾಟಕದ್ದು 1.7. ಜೈನರದು 1.6. ಅದರ ಹಿಂದಿನ 2015–16ರ ಸಮೀಕ್ಷೆಯಲ್ಲಿ ಜೈನರ ಸಂಖ್ಯೆ 1.2ರಷ್ಟು ಕಡಿಮೆಯಿತ್ತು. ಹಿಂದೂ, ಮುಸಲ್ಮಾನ, ಕ್ರೈಸ್ತ, ಸಿಖ್ಖ, ಎಲ್ಲ ಸಮಾಜಗಳೂ ಈ ಇಳಿಜಾರಿನಲ್ಲಿಯೇ ನಡೆಯುತ್ತಿವೆ. ನಾವು ಎಲ್ಲರಿಗಿಂತ ಮುಂಚೆ ಇಳಿದೆವು, ಅಷ್ಟೆ.

ತೊಟ್ಟಿಲ ಲೆಕ್ಕವೋ, ಲೇಖನಿಯ ಲೆಕ್ಕವೋ?

ಈಗ ನಮ್ಮ ಸಂಖ್ಯೆಯನ್ನು ನೋಡೋಣ. 1891ರ ಗಣತಿಯಲ್ಲಿ ಸುಮಾರು 14 ಲಕ್ಷವಿದ್ದ ಜೈನರು 1921ರಲ್ಲಿ 12 ಲಕ್ಷಕ್ಕಿಂತ ಕಡಿಮೆಯಾಗಿದ್ದರು. ಆ ಮೂವತ್ತು ವರ್ಷಗಳು ಕ್ಷಾಮ, ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವುಗಳ ಕಾಲ. ಅನಂತರ ಸಂಖ್ಯೆ ಏರಿತು. 1971ರಲ್ಲಿ 26 ಲಕ್ಷ, 1981ರಲ್ಲಿ 32 ಲಕ್ಷ, 1991ರಲ್ಲಿ ಮೂವತ್ತಮೂರೂವರೆ ಲಕ್ಷ, 2001ರಲ್ಲಿ 42 ಲಕ್ಷ 25 ಸಾವಿರ, 2011ರಲ್ಲಿ 44 ಲಕ್ಷ 51 ಸಾವಿರ.

ಈ ಅಂಕೆಗಳನ್ನು ಸಾವಧಾನವಾಗಿ ಗಮನಿಸಿರಿ. ಒಂದು ದಶಕದಲ್ಲಿ ಶೇಕಡಾ ಇಪ್ಪತ್ತಮೂರರಷ್ಟು ಬೆಳವಣಿಗೆ. ಮುಂದಿನ ದಶಕದಲ್ಲಿ ಶೇಕಡಾ ಐದೂ ಇಲ್ಲ. ಅದರ ಮುಂದಿನ ದಶಕದಲ್ಲಿ ಶೇಕಡಾ 26. ಪುನಃ ಶೇಕಡಾ 5.4. ಯಾವ ಸಮಾಜದ ತಾಯಂದಿರೂ ಹತ್ತು ವರ್ಷ ಹೆತ್ತು ಹತ್ತು ವರ್ಷ ನಿಲ್ಲಿಸಿ ಪುನಃ ಹೆರುವುದಿಲ್ಲ. ಹಾಗಾದರೆ ಈ ಏರಿಳಿತ ಎಲ್ಲಿಂದ ಬಂದಿತು? ಇದರಲ್ಲಿ ಹೆಚ್ಚಿನದು ತೊಟ್ಟಿಲ ಲೆಕ್ಕವಲ್ಲ, ಲೇಖನಿಯ ಲೆಕ್ಕ. ಧರ್ಮದ ಕಾಲಮಿನಲ್ಲಿ ನಾವು ಏನೆಂದು ಬರೆಸಿದೆವು ಎಂಬುದರ ಲೆಕ್ಕ.

ನಾನು 1981, 1991, 2001ರ ಮೂರು ಗಣತಿಗಳಲ್ಲಿ ಗಣತಿದಾರನಾಗಿ ಕೆಲಸ ಮಾಡಿದವನು. 1981ರಲ್ಲಿ ಒಬ್ಬ ವೃದ್ಧರ ಮನೆಗೆ ಹೋದೆ. ದೂರದ ಸಂಬಂಧಿಕರು. ಮನೆಯ ಎದುರಿನಲ್ಲಿಯೇ ಬಸದಿ. ಧರ್ಮ ಯಾವುದೆಂದು ಕೇಳಿದೆ. "ನಿಮಗೆ ಗೊತ್ತಿಲ್ಲದ್ದೇನು ಮಾಸ್ಟ್ರೆ? ಹಿಂದೂ ಅಂತಲೇ ಬರೆದುಕೊಳ್ಳಿ, ಎಲ್ಲ ಒಂದೇ" ಎಂದರು. ಮನೆಯವರು ಹೇಳಿದುದನ್ನೇ ಬರೆಯಬೇಕು, ಗಣತಿದಾರನು ತಿದ್ದಬಾರದು ಎಂಬುದು ನಿಯಮ. ನಾನು ಹಾಗೆಯೇ ಬರೆದೆ. ಒಂಬತ್ತು ಮಂದಿಯ ಕುಟುಂಬ. ಅಂದು ಸಂಜೆ ಆ ಬಸದಿಯಲ್ಲಿ ಆರತಿಗೆ ನಿಂತಾಗ, ಸರಕಾರದ ಪುಸ್ತಕದಲ್ಲಿ ಈ ಬಸದಿಯ ಮುಂದೆ ಯಾರೂ ಇಲ್ಲವಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಆ ಹಿರಿಯರದು ತಪ್ಪೆಂದು ನಾನು ಹೇಳಲಾರೆ. ನೆರೆಹೊರೆಯವರೊಡನೆ ಬೆರೆತು ಬಾಳಿದ ಸೌಜನ್ಯ ಅವರ ಮಾತಿನಲ್ಲಿತ್ತು. ಆದರೆ ಗಣತಿಯು ಸೌಜನ್ಯದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ. 2001ರಲ್ಲಿ ಅದೇ ಮನೆಯ ಮಗ ನಾನು ಕೇಳುವ ಮೊದಲೇ "ಜೈನ" ಎಂದು ಹೇಳಿದ. ಇಪ್ಪತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಧರ್ಮ ಬದಲಾಗಿರಲಿಲ್ಲ. ಬರೆಸುವ ರೀತಿ ಬದಲಾಗಿತ್ತು. ಒಂಬತ್ತು ಮಂದಿಯಿದ್ದ ಆ ಮನೆಯಲ್ಲಿ ಆಗ ಉಳಿದವರು ಮಾತ್ರ ಮೂವರು.

ಎಲ್ಲಿದ್ದೇವೆ ನಾವು?

ಆ ಉಳಿದ ಆರು ಮಂದಿ ಎಲ್ಲಿಗೆ ಹೋದರು? ದೇಶದ ಜೈನರಲ್ಲಿ ಐದರಲ್ಲಿ ನಾಲ್ಕು ಪಾಲು ಐದು ರಾಜ್ಯಗಳಲ್ಲಿ ಇದ್ದಾರೆ. 2011ರಲ್ಲಿ ಮಹಾರಾಷ್ಟ್ರದಲ್ಲಿ 14 ಲಕ್ಷ, ರಾಜಸ್ಥಾನದಲ್ಲಿ 6 ಲಕ್ಷ 22 ಸಾವಿರ, ಗುಜರಾತಿನಲ್ಲಿ 5 ಲಕ್ಷ 80 ಸಾವಿರ, ಮಧ್ಯಪ್ರದೇಶದಲ್ಲಿ 5 ಲಕ್ಷ 67 ಸಾವಿರ, ಕರ್ನಾಟಕದಲ್ಲಿ 4 ಲಕ್ಷ 40 ಸಾವಿರ. ರಾಜಸ್ಥಾನದಲ್ಲಿ 2001ಕ್ಕಿಂತ 2011ರಲ್ಲಿ ಜೈನರ ಸಂಖ್ಯೆ ಸುಮಾರು 28 ಸಾವಿರ ಕಡಿಮೆಯಾಯಿತು. ಕರ್ನಾಟಕದಲ್ಲಿ ಸಂಖ್ಯೆ ಏರಿದರೂ ರಾಜ್ಯದ ಒಟ್ಟು ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇಕಡಾ 0.78ರಿಂದ 0.72ಕ್ಕೆ ಇಳಿಯಿತು.

ಇನ್ನೊಂದು ಅಂಕೆ ಹೆಚ್ಚು ಮಹತ್ವದ್ದು. 2011ರಲ್ಲಿ ಭಾರತೀಯರಲ್ಲಿ ಶೇಕಡಾ 31 ಮಂದಿ ಪಟ್ಟಣವಾಸಿಗಳಾಗಿದ್ದರೆ, ಜೈನರಲ್ಲಿ ಶೇಕಡಾ 80ರಷ್ಟು ಮಂದಿ ಪಟ್ಟಣಗಳಲ್ಲಿದ್ದರು. ನಮ್ಮಲ್ಲಿ ಎಲ್ಲರೂ ವ್ಯಾಪಾರಿಗಳಲ್ಲ. ಬೆಳಗಾವಿ, ಕೊಲ್ಹಾಪುರ, ಸಾಂಗಲಿಗಳ ಕಡೆ ಮಣ್ಣನ್ನು ನಂಬಿದ ಚತುರ್ಥ, ಪಂಚಮ ಶ್ರಾವಕರು ಇಂದಿಗೂ ಕಬ್ಬು, ತಂಬಾಕು, ಜೋಳ ಬೆಳೆಯುತ್ತಾರೆ. ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವ ಜಿಲ್ಲೆ ಬೆಳಗಾವಿಯೇ. ಅಲ್ಲಿ ಹಳ್ಳಿಯ ಬಸದಿಯ ಗಂಟೆಯ ಸದ್ದು ಕೇಳುವವರಿದ್ದಾರೆ.

ತುಳುನಾಡಿನ ಕಥೆ ಬೇರೆ. ನಮ್ಮದು ಅಳಿಯಸಂತಾನದ ಕೂಡುಕುಟುಂಬ. ಗೇಣಿಯ ಅಕ್ಕಿಯಿಂದ ಬೀಡಿನ ಊಟವೂ ಬಸದಿಯ ನೈವೇದ್ಯವೂ ನಡೆಯುತ್ತಿದ್ದ ಕಾಲ. ಕುಟುಂಬದ ಆಸ್ತಿ ಪಾಲಾಗುವುದು ಮೊದಲೇ ಆರಂಭವಾಗಿತ್ತು. 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭೂಮಿ ಉಳುವವನದಾಯಿತು. ತಲೆಮಾರುಗಳಿಂದ ಬೆವರು ಸುರಿಸಿದವನಿಗೆ ಹಕ್ಕು ದೊರೆತುದು ನ್ಯಾಯವೇ ಸರಿ. ಅಪರಿಗ್ರಹವನ್ನು ವ್ರತವೆಂದು ಹೇಳುವ ನಾವು ಅದನ್ನು ನಿಂದಿಸಬಾರದು. ಆದರೆ ಅದರ ಪರಿಣಾಮವನ್ನು ಮರೆಯುವಂತಿಲ್ಲ. ಬೀಡಿನ ಕಣಜ ಬರಿದಾಯಿತು. ಬಸದಿಗೆ ಉಂಬಳಿಯ ಅಕ್ಕಿಯ ಬದಲು ಸರಕಾರದ ತಸ್ತೀಕು ಬಂದಿತು. ಅದು ಎಣ್ಣೆಗೂ ಸಾಲದು. ಓದಿದ ಹುಡುಗರು ಮುಂಬಯಿಗೂ ಬೆಂಗಳೂರಿಗೂ ಹೊರಟರು. ನನ್ನ ತಮ್ಮನೂ ಅವರಲ್ಲಿ ಒಬ್ಬ. ನನ್ನ ಬಾಲ್ಯದಲ್ಲಿ ನಮ್ಮ ಬಸದಿಯ ಅಂಗಳದಲ್ಲಿ ದೀಪಾವಳಿಯ ದಿನ ಎಲೆ ಹಾಕಲು ಜಾಗ ಸಾಲುತ್ತಿರಲಿಲ್ಲ. ಈಗ ವೃದ್ಧರಾದ ಇಂದ್ರರೊಬ್ಬರು ಬಾಗಿಲು ತೆರೆದು, ಅಭಿಷೇಕ ಮಾಡಿ, ಬಾಗಿಲು ಮುಚ್ಚಿ ಹೋಗುತ್ತಾರೆ. ಅವರ ಮಗ ನಗರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನು ಮರಳಿ ಬರಲೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹೋದವರೆಲ್ಲ ಧರ್ಮವನ್ನು ಬಿಟ್ಟು ಹೋದರೆ? ಇಲ್ಲ. ಗುಜರಾತಿನ ಜಾಮನಗರದ ಸುತ್ತಲಿನ ಹಳ್ಳಿಗಳ ಓಸ್ವಾಲ ರೈತರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪೂರ್ವ ಆಫ್ರಿಕಕ್ಕೆ ಹೋದರು. ಮೊಂಬಾಸಾದಲ್ಲಿ 1963ರಲ್ಲಿ ಶಿಖರಬದ್ಧ ಮಂದಿರವನ್ನು ಕಟ್ಟಿದರು. 1972ರಲ್ಲಿ ಉಗಾಂಡದ ಇದಿ ಅಮೀನನು ಏಷ್ಯಾದ ಜನರು ತೊಂಬತ್ತು ದಿನಗಳಲ್ಲಿ ದೇಶ ಬಿಡಬೇಕೆಂದು ಆಜ್ಞೆ ಮಾಡಿದಾಗ ಅಲ್ಲಿದ್ದ ಜೈನರೂ ಬರಿಗೈಯಲ್ಲಿ ಹೊರಟರು. ಆಫ್ರಿಕದಿಂದ ಇಂಗ್ಲೆಂಡಿಗೆ ಹೋದ ಜೈನರು ಬಹುಮಂದಿ. ಅಲ್ಲಿಯ ಲೆಸ್ಟರ್ ನಗರದಲ್ಲಿ 1988ರಲ್ಲಿ ಜಿನಮಂದಿರದ ಪ್ರತಿಷ್ಠೆಯಾಯಿತು. ಒಂದೇ ತಲೆಮಾರಿನಲ್ಲಿ ಎರಡು ಸಲ ನೆಲೆ ತಪ್ಪಿದವರಿಗೂ ಬಸದಿ ಬೇಕೆನಿಸಿತು. ಮನುಷ್ಯನು ಹೋದಲ್ಲಿಗೆ ಧರ್ಮವೂ ಹೋಗುತ್ತದೆ. ಹೋಗಲಾರದೆ ಉಳಿಯುವುದು ಹಳೆಯ ಊರಿನ ಶಿಲೆ ಮತ್ತು ಹಳೆಯ ಊರಿನ ಮುದುಕರು. ನಮ್ಮ ಚಿಂತೆ ಅವರ ಬಗ್ಗೆ ಇರಬೇಕು.

ಇಲ್ಲದ ಹೆಣ್ಣುಮಕ್ಕಳು

ಧರ್ಮಬಂಧುಗಳೆ, ಇನ್ನೊಂದು ಕಹಿಯಾದ ಮಾತನ್ನು ಈ ಪವಿತ್ರಸ್ಥಾನದಲ್ಲಿ ಆಡಬೇಕಾಗಿದೆ. ಕ್ಷಮಿಸಬೇಕು. 2001ರ ಗಣತಿಯಲ್ಲಿ ಜೈನರ ಸಾಕ್ಷರತೆ ಶೇಕಡಾ 94; ಸ್ತ್ರೀಯರಲ್ಲಿಯೂ ಶೇಕಡಾ 90ನ್ನು ಮೀರಿತ್ತು. ದೇಶದ ಮುಖ್ಯ ಧರ್ಮಗಳಲ್ಲೆಲ್ಲ ನಾವೇ ಮೊದಲಿಗರು. ಇದನ್ನು ನಾವು ಸಭೆಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಗಣತಿಯ ಇನ್ನೊಂದು ಪುಟವನ್ನು ಯಾರೂ ಓದುವುದಿಲ್ಲ. ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 870 ಮಾತ್ರ. 2011ರಲ್ಲಿ ಅದು 889 ಆಯಿತು. ಆದರೂ ರಾಷ್ಟ್ರದ ಸರಾಸರಿಗಿಂತ ಕೆಳಗೆ. ಪ್ರಕೃತಿಯು ಹೆಣ್ಣುಗಂಡುಗಳ ನಡುವೆ ಇಷ್ಟು ದೊಡ್ಡ ಭೇದವನ್ನು ಮಾಡುವುದಿಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದೆ. ಇರುವೆ ಸಾಯಬಾರದೆಂದು ಸೂರ್ಯಾಸ್ತದೊಳಗೆ ಊಟ ಮುಗಿಸುವ, ನೀರನ್ನು ಸೋಸಿ ಕುಡಿಯುವ ಸಮಾಜದಲ್ಲಿ ಈ ಅಂಕೆ ಬಂದುದು ಹೇಗೆ? ಇದರ ಬಹುಪಾಲು ಇತರ ಪ್ರಾಂತಗಳದೆಂದು ನಾವು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಸಂಖ್ಯೆಯ ಹೆಮ್ಮೆಯಲ್ಲಿ ಪಾಲು ಕೇಳುವವರು ಸಂಖ್ಯೆಯ ಪಾಪದಲ್ಲಿಯೂ ಪಾಲು ಹೊರಬೇಕು.

ನಮ್ಮ ಸಂಖ್ಯೆ ಕುಗ್ಗುತ್ತಿದೆ, ಹೆಚ್ಚು ಮಕ್ಕಳನ್ನು ಹಡೆಯಿರಿ ಎಂಬ ಕರೆ ಈಚೆಗೆ ಅಲ್ಲಲ್ಲಿ ಕೇಳಿಬರುತ್ತಿದೆ. ಪಾರಸಿ ಸಮಾಜದ ಉದಾಹರಣೆಯನ್ನು ಕೊಡುತ್ತಾರೆ. ಅವರು 1941ರಲ್ಲಿ 1 ಲಕ್ಷ 14 ಸಾವಿರವಿದ್ದವರು 2011ರಲ್ಲಿ 57 ಸಾವಿರಕ್ಕೆ ಇಳಿದರೆಂಬುದು ನಿಜ. 2013ರಲ್ಲಿ ಕೇಂದ್ರ ಸರಕಾರವು ಅವರಿಗಾಗಿ ವಿಶೇಷ ಯೋಜನೆಯನ್ನೂ ಆರಂಭಿಸಿತು. ಆದರೆ ಅವರ ಇಳಿತಕ್ಕೆ ತಡವಾದ ಮದುವೆ, ಮದುವೆಯೇ ಆಗದಿರುವುದು, ವಿದೇಶದ ವಲಸೆ ಇವು ಮುಖ್ಯ ಕಾರಣಗಳು. ವೇದಿಕೆಯ ಮೇಲಿನ ಕರೆಯಿಂದ ತೊಟ್ಟಿಲು ತೂಗುವುದಿಲ್ಲ. ಎಷ್ಟು ಮಕ್ಕಳಿರಬೇಕೆಂಬುದನ್ನು ತಾಯಿತಂದೆಯರು ನಿರ್ಧರಿಸಲಿ. ಹುಟ್ಟಬೇಕಾದ ಹೆಣ್ಣುಮಗುವನ್ನು ಹುಟ್ಟಲು ಬಿಡುವುದು, ಹುಟ್ಟಿದ ಮೇಲೆ ಅವಳಿಗೆ ಓದನ್ನೂ ಆಸ್ತಿಯ ಪಾಲನ್ನೂ ಕೊಡುವುದು ನಮ್ಮೆಲ್ಲರ ಕರ್ತವ್ಯ. ಅಳಿಯಸಂತಾನದ ನಾಡಿನವರಿಗೆ ಇದನ್ನು ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.

ಮಾಡಬೇಕಾದುದೇನು?

ನನ್ನ ಅಲ್ಪಮತಿಗೆ ತೋಚಿದ ಮೂರು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಗಣತಿಯಲ್ಲಿ ಸತ್ಯವನ್ನು ಬರೆಸುವುದು. 2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದಕ್ಕೆ ಹೋಯಿತು. 2025ರ ಅಧಿಸೂಚನೆಯಂತೆ ಅದರ ಆಧಾರ ದಿನ 2027ರ ಮಾರ್ಚ್ 1. ಜಾತಿಯನ್ನೂ ಕೇಳುವುದೆಂದು ಸರಕಾರ ನಿರ್ಧರಿಸಿದೆ. ಧರ್ಮದ ಪ್ರಶ್ನೆ ಬೇರೆ, ಜಾತಿಯ ಪ್ರಶ್ನೆ ಬೇರೆ. ಧರ್ಮ ಯಾವುದೆಂದು ಕೇಳಿದಾಗ ಜೈನ ಎಂದೇ ಹೇಳಿರಿ. ಬರೆದುದನ್ನು ಓದಿಸಿ ಕೇಳಿರಿ. 2014ರಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತರೆಂಬ ಮಾನ್ಯತೆ ದೊರೆತ ಮೇಲೆ ವಿದ್ಯಾರ್ಥಿವೇತನಾದಿಗಳಿಗೂ ಈ ಲೆಕ್ಕವೇ ಆಧಾರ. ಅದಕ್ಕಿಂತ ಮಿಗಿಲಾಗಿ, ಸತ್ಯವು ನಮ್ಮ ಅಣುವ್ರತ.

ಎರಡನೆಯದು, ಪ್ರತಿ ಬಸದಿಯೂ ತನ್ನದೊಂದು ಕುಟುಂಬಪುಸ್ತಕವನ್ನು ಇಡುವುದು. ಈ ಬಸದಿಗೆ ಸೇರಿದ ಮನೆಗಳೆಷ್ಟು, ಊರಿನಲ್ಲಿ ಇರುವವರು ಯಾರು, ಹೊರಗಿರುವವರು ಎಲ್ಲಿ, ಒಂಟಿಯಾಗಿರುವ ವೃದ್ಧರು ಯಾರು ಎಂಬುದನ್ನು ವರ್ಷಕ್ಕೊಮ್ಮೆ ಬರೆದಿಡಲಿ. ಒಂದು ನೋಟುಪುಸ್ತಕ ಸಾಕು. ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗಿ ಕ್ಷೇಮ ವಿಚಾರಿಸಲು ಆ ಪುಸ್ತಕವೇ ದಾರಿ ತೋರುತ್ತದೆ.

ಮೂರನೆಯದು, ದೂರದಲ್ಲಿರುವವರಿಗೆ ಒಂದು ವಿನಂತಿ. ಪ್ರತಿಷ್ಠೆಗೆ, ಪಂಚಾಮೃತಾಭಿಷೇಕಕ್ಕೆ, ಶಿಖರಕ್ಕೆ ಧಾರಾಳವಾಗಿ ಕೊಟ್ಟಿದ್ದೀರಿ. ಅದಕ್ಕಾಗಿ ಊರು ಕೃತಜ್ಞವಾಗಿದೆ. ಆದರೆ ಮಹೋತ್ಸವ ಐದು ದಿನ. ನಿತ್ಯಪೂಜೆ ವರ್ಷಕ್ಕೆ ಮುನ್ನೂರರವತ್ತೈದು ದಿನ. ಇಂದ್ರರ ಮನೆಯ ಸಂಸಾರ ಮಾನದಿಂದ ಸಾಗುವಷ್ಟು ಸಂಬಳಕ್ಕೆ ಒಂದು ಮೂಲನಿಧಿಯಾಗಲಿ. ವರ್ಷದಲ್ಲಿ ಒಂದು ಸಲ ಮಕ್ಕಳನ್ನು ಕರೆದುಕೊಂಡು ಬನ್ನಿ. ಹುಡುಗರಿಗೆ ಈ ಬಸದಿಯ ಮೆಟ್ಟಿಲು ಎಷ್ಟು ಎಂಬುದು ಕಾಲಿಗೆ ನೆನಪಿರಬೇಕು.

ಅಂದು ಉಜ್ಜಯಿನಿಯಿಂದ ಹೊರಟವರು ಎಷ್ಟು ಮಂದಿ ಇದ್ದರೋ, ಈ ನೆಲದ ಒಟ್ಟು ಜನರಲ್ಲಿ ಅವರ ಪಾಲು ಅತ್ಯಲ್ಪವೇ ಆಗಿತ್ತು. ಸಂಖ್ಯೆಯಿಂದ ಅವರು ಈ ನಾಡನ್ನು ಗೆಲ್ಲಲಿಲ್ಲ. ಅವರ ನಡತೆಯನ್ನು ಕಂಡು ನಾಡು ಅವರಿಗೆ ನೆಲ ಕೊಟ್ಟಿತು, ಶಿಲೆ ಕೊಟ್ಟಿತು, ಭಾಷೆ ಕೊಟ್ಟಿತು. ಸಂಖ್ಯೆ ಸಣ್ಣದೆಂಬುದು ಭಯಕ್ಕೆ ಕಾರಣವಲ್ಲ. ಇರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು, ಹುಟ್ಟಬೇಕಾದವರನ್ನು ಹುಟ್ಟಗೊಡದಿರುವುದು, ಹಿರಿಯರನ್ನು ಒಂಟಿಯಾಗಿ ಬಿಡುವುದು ಇವು ಭಯಕ್ಕೆ ಕಾರಣ. ಇಂದು ಪ್ರತಿಷ್ಠೆಗೊಂಡ ಭಗವಂತನ ಸನ್ನಿಧಿಯಲ್ಲಿ ಇವು ಮೂರನ್ನೂ ತೊರೆಯುವ ಸಂಕಲ್ಪ ಮಾಡೋಣ.



ಜೈ ಜಿನೇಂದ್ರ.